ಮೇಷ್ಟ್ರನ್ನು ಕೇಳಿ: ಮೊದಲು ಭಾನುವಾರ ಎಣಿಸಿ

ಓಟ, ಸೈಕಲ್, ಈಜು, ಮಂಡಿನೋವು, ಬೇಜಾರು, ಏನಿದ್ದರೂ ಬರೆಯಿರಿ. ಕೋಲಾರದ ನಮ್ಮ ಪಿ.ಟಿ. ಮೇಷ್ಟ್ರು ಉತ್ತರಿಸುತ್ತಾರೆ.

ಪ್ರಶ್ನೆ: ಮೇಷ್ಟ್ರಿಗೆ ನಮಸ್ಕಾರ. ನನಗೆ 29 ವರ್ಷ, ಕೋಲಾರದವಳು. ಎರಡು ವರ್ಷದಿಂದ ಓಡುತ್ತಿದ್ದೇನೆ. ಹಾಫ್ ಮ್ಯಾರಥಾನ್ 2 ಗಂಟೆ 25 ನಿಮಿಷಕ್ಕೆ ಮುಗಿಸಿದ್ದೇನೆ. ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ಇದೆ. 60 ಕಿ.ಮೀ. ಹೋಗಿಬಂದರೆ ಸರಾಸರಿ ಗಂಟೆಗೆ 24 ಬರುತ್ತದೆ. ಈಜು ಕಲಿತದ್ದು ಹೋದ ವರ್ಷ. 1 ಕಿ.ಮೀ.ಗೆ 32 ನಿಮಿಷ ಬೇಕು. ಪೂಲ್ 25 ಮೀಟರಿನದು, ಹೆಂಗಸರ ಬ್ಯಾಚ್ ಸಂಜೆ 4ರಿಂದ 5 ಮಾತ್ರ.

ಡಿಸೆಂಬರ್‌ನಲ್ಲಿ ನರಸಾಪುರದ ಒಂದು ಫ್ಯಾಕ್ಟರಿಗೆ ಕ್ವಾಲಿಟಿ ಇಂಜಿನಿಯರ್ ಆಗಿ ಸೇರಿದೆ. ಸಂಬಳ ಚೆನ್ನಾಗಿದೆ, ಕೆಲಸವೂ ಅಷ್ಟೇ ಜಾಸ್ತಿ. ವಾರಕ್ಕೊಂದು ಶಿಫ್ಟು. ಎ ಶಿಫ್ಟ್ ಬೆಳಿಗ್ಗೆ 6ರಿಂದ 2, ಬಿ ಶಿಫ್ಟ್ 2ರಿಂದ ರಾತ್ರಿ 10, ಸಿ ಶಿಫ್ಟ್ ರಾತ್ರಿ 10ರಿಂದ ಬೆಳಿಗ್ಗೆ 6. ಆರು ತಿಂಗಳು ಪ್ರೊಬೇಷನ್. ತಿಂಗಳ ಕೊನೆಗೆ ಡಿಸ್ಪ್ಯಾಚ್ ಅಂತ ಒಂದು ಭಾನುವಾರವೂ ಕರೆಯುತ್ತಾರೆ.

ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಮೂವರು ಮಲೇಷ್ಯಾದ ಲಂಕಾವಿಯಲ್ಲಿ ವರ್ಷದ ಕೊನೆಗೆ ನಡೆಯುವ ಫುಲ್ ಐರನ್‌ಮ್ಯಾನ್‌ಗೆ ಹೆಸರು ಕೊಡುತ್ತಿದ್ದಾರೆ. ಒಂದೇ ದಿನ ಈಜು, ಸೈಕಲ್, ಓಟ ಮೂರೂ ಮಾಡುವ ಟ್ರಯಾಥ್ಲಾನ್ ಅದು. ಅದರ ಅರ್ಧ ದೂರದ್ದಕ್ಕೆ ಹಾಫ್ ಅನ್ನುತ್ತಾರೆ. ‘ನೀನೂ ಬಾ, ಹಾಫ್ ಎಲ್ಲಾ ಯಾರ್ ಕೇಳ್ತಾರೆ’ ಅನ್ನುತ್ತಾರೆ. ಅಮ್ಮ ‘ಮೊದ್ಲು ಕೆಲ್ಸ ಪರ್ಮನೆಂಟ್ ಆಗ್ಲಿ’ ಅನ್ನುತ್ತಾರೆ. ತಮ್ಮ ಒಬ್ಬನೇ ನನ್ನ ಕಡೆ. ಭಾನುವಾರ ನಾನು ಸೈಕಲ್ ಹತ್ತಿದರೆ ಹಿಂದೆ ಸ್ಕೂಟರ್‌ನಲ್ಲಿ ಬರುತ್ತಾನೆ. ಫುಲ್ ಮಾಡಲಾ, ಗೋವಾದ ಹಾಫ್ ಮಾಡಲಾ, ಇಲ್ಲಾ ಈ ವರ್ಷ ಏನೂ ಬೇಡವಾ? ಆಫೀಸಿನಲ್ಲಿ ಹೇಳಬೇಕಾ, ಸುಮ್ಮನಿರಬೇಕಾ?

ಹೆಸರು ಬೇಡ, ಕೋಲಾರ

ಉತ್ತರ: ನೋಡಿ ತಾಯಿ, ಗೋವಾದ ಹಾಫ್ ಮಾಡಿ. ಫುಲ್ ಈ ವರ್ಷ ಬೇಡ. ಉತ್ತರ ಇಷ್ಟೇ. ಯಾಕೆ ಅಂತ ಹೇಳುವುದಕ್ಕೆ ಜಾಗ ಬೇಕು. ಸಂಪಾದಕರು ಈ ಸಲ ಧಾರಾಳವಾಗಿ ಕೊಟ್ಟಿದ್ದಾರೆ.

ನಿಮ್ಮ ಪತ್ರ ಓದಿದ ಸಂಜೆ ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಪೆನ್ಸಿಲ್ ಹಿಡಿದು ಕೂತೆ. ನಮ್ಮ ಮನೆಯವರು ‘ಯಾರ ಮದ್ವೆಗೆ ಮುಹೂರ್ತ ನೋಡ್ತಿದೀರ?’ ಅಂದರು. ಜನವರಿ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ 42 ಭಾನುವಾರ ಸಿಕ್ಕವು. ಗೋವಾದ್ದು ಸಾಮಾನ್ಯವಾಗಿ ಅಕ್ಟೋಬರ್ ಇಲ್ಲಾ ನವೆಂಬರ್‌ನಲ್ಲಿ ಬರುತ್ತದೆ. 42 ಅಂದರೆ ಕೈತುಂಬ ಅನಿಸುತ್ತದೆ, ಅಲ್ವಾ? ಈಗ ಕಳೆಯಿರಿ.

ಮೂರು ವಾರಕ್ಕೊಂದು ಸಿ ಶಿಫ್ಟು. ಆ ವಾರ ನೀವು ಮನೆಗೆ ಬರುವ ಬಸ್ ಹತ್ತುವುದೇ ಭಾನುವಾರ ಬೆಳಿಗ್ಗೆ 6ಕ್ಕೆ. ಅಂಥವು 14. ಉಳಿದದ್ದು 28. ತಿಂಗಳ ಕೊನೆಯ ಡಿಸ್ಪ್ಯಾಚ್ ಭಾನುವಾರಗಳಲ್ಲಿ ಕೆಲವು ಸಿ ಶಿಫ್ಟಿನ ವಾರದಲ್ಲೇ ಬೀಳುತ್ತವೆ ಅಂದುಕೊಂಡು ಬರೀ 7 ಹಿಡಿದೆ. 21 ಆಯಿತು. ಮದುವೆ, ಗೃಹಪ್ರವೇಶ, ಊರ ಜಾತ್ರೆ, ಹಬ್ಬದ ಮಾರನೇ ದಿನ ಅಂತ 5. ಇದರಲ್ಲಿ ನಾನು ಕಂಜೂಸು ಮಾಡಿದ್ದೇನೆ. ನಮ್ಮ ಕಡೆ ವೈಶಾಖ ಬಂದರೆ ಮದುವೆಗಳೇ ಐದು ಇರುತ್ತವೆ. 16. ಜ್ವರ, ಮಳೆ, ಬೆನ್ನು ಹಿಡಿದದ್ದು ಅಂತ 3. 13. ರೇಸಿಗೆ ಮುಂಚಿನ ಎರಡು ಭಾನುವಾರ ಜಾಸ್ತಿ ದೂರ ಹೋಗುವ ಹಾಗಿಲ್ಲ, ಮೈಗೆ ರೆಸ್ಟ್ ಬೇಕು. ಉಳಿದದ್ದು 11.

ಹನ್ನೊಂದು. ಆ ಸಂಖ್ಯೆಗೆ ಎರಡು ಸಲ ಸುತ್ತು ಹಾಕಿದೆ. ಪೆನ್ಸಿಲ್ ಮೊನೆ ಮುರಿಯಿತು.

ಹನ್ನೊಂದು ಭಾನುವಾರದಲ್ಲಿ ಹಾಫ್‌ಗೆ ಚೆನ್ನಾಗಿಯೇ ತಯಾರಾಗಬಹುದು. ಉದ್ದದ ಸವಾರಿ ಅಂದರೆ ಮೂರು, ಮೂರೂವರೆ ಗಂಟೆ. ಬೆಳಿಗ್ಗೆ ಐದೂವರೆಗೆ ಹೊರಟರೆ ಅಮ್ಮ ತಿಂಡಿ ಮಾಡುವ ಹೊತ್ತಿಗೆ ವಾಪಸ್. ಫುಲ್‌ಗೆ ಹಾಗಲ್ಲ. ಐದು, ಆರು ಗಂಟೆಯ ಸವಾರಿಗಳು ಬೇಕು. ಮಾರನೇ ದಿನ ಎರಡೂವರೆ ಗಂಟೆ ಓಟ ಬೇಕು. ಆ ಮಾರನೇ ದಿನ ನಿಮಗೆ ಸೋಮವಾರ, ಯಾವುದೋ ಒಂದು ಶಿಫ್ಟು. ನನ್ನ ಲೆಕ್ಕದಲ್ಲಿ ಹಾಫ್‌ಗೆ ವಾರಕ್ಕೆ 8 ಗಂಟೆ ಇದ್ದರೆ ನಡೆಯುತ್ತದೆ. ಫುಲ್‌ಗೆ 12, ಕೊನೆಯ ಮೂರು ತಿಂಗಳು 14.

ಇನ್ನು ರೇಸಿನ ದಿನದ ಗಡಿಯಾರ. ಹಾಫ್ ಅಂದರೆ 1.9 ಕಿ.ಮೀ. ಈಜು, 90 ಸೈಕಲ್, 21.1 ಓಟ. ಮೈಲಿಯಲ್ಲಿ ಕೂಡಿದರೆ 70.3, ಅದಕ್ಕೇ ಇದಕ್ಕೆ ‘ಐರನ್‌ಮ್ಯಾನ್ 70.3’ ಅಂತ ಹೆಸರು. ಈಜಿಗೆ 1 ಗಂಟೆ 10 ನಿಮಿಷದ ಗಡುವು. ಒಟ್ಟು ಎಂಟೂವರೆ ಗಂಟೆ. ನಿಮ್ಮ ಪೂಲಿನಲ್ಲಿ ಈ ಈಜು 76 ಲೆಂತ್. ನಿಮ್ಮ ವೇಗಕ್ಕೆ 1 ಗಂಟೆ 1 ನಿಮಿಷ. ಸಮುದ್ರ ಅಂತ ಮೂರು ನಿಮಿಷ ಸೇರಿಸಿ, ಬಟ್ಟೆ ಬೂಟು ಅಂತ ಎಂಟು ಸೇರಿಸಿ, 1 ಗಂಟೆ 12. ಸೈಕಲ್ 24ರಲ್ಲೇ ಹೋದರೆ 3 ಗಂಟೆ 45. ಸೈಕಲ್ ಇಟ್ಟು ಓಟಕ್ಕೆ ಹೊರಡಲು ಐದು ನಿಮಿಷ. ನಿಮ್ಮ 2 ಗಂಟೆ 25ರ ಓಟ ಗೋವಾದ ಸೆಕೆಯಲ್ಲಿ 2 ಗಂಟೆ 55 ಆಗುತ್ತದೆ, ಅನುಮಾನ ಬೇಡ. ಎಲ್ಲ ಕೂಡಿದರೆ 7 ಗಂಟೆ 57. ಇನ್ನೂ 33 ನಿಮಿಷ ಕೈಯಲ್ಲಿದೆ. ಒಂದು ಪಂಕ್ಚರ್ ಆದರೂ, ಎರಡು ಸಲ ನಡೆದರೂ ತೊಂದರೆ ಇಲ್ಲ. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರು ಗೋವಾದಲ್ಲಿ 8 ಗಂಟೆ 27 ನಿಮಿಷಕ್ಕೆ ಮುಗಿಸಿದರು. ಅವರಿಗೂ ಅದೇ ಮೆಡಲು, ಐದು ಗಂಟೆಗೆ ಮುಗಿಸಿದವರಿಗೂ ಅದೇ ಮೆಡಲು.

ಫುಲ್ಲಿನ ಲೆಕ್ಕ ಹಾಕೋಣ. 3.8 ಕಿ.ಮೀ. ಈಜು, 152 ಲೆಂತ್. ತೋಳು ಸೋಲುವುದನ್ನೂ ಸೇರಿಸಿದರೆ 2 ಗಂಟೆ 10. ಗಡುವು 2 ಗಂಟೆ 20. ಬಟ್ಟೆ ಬೂಟಿಗೆ ಹತ್ತು ನಿಮಿಷ. 180 ಕಿ.ಮೀ. ಸೈಕಲ್ಲಿಗೆ ನಿಮ್ಮ 24 ನಿಲ್ಲುವುದಿಲ್ಲ, 22 ಹಿಡಿಯೋಣ. 8 ಗಂಟೆ 11 ನಿಮಿಷ. ಒಟ್ಟು 10 ಗಂಟೆ 31. ಸೈಕಲ್ ಮುಗಿಸಬೇಕಾದ ಗಡುವು ಸಾಮಾನ್ಯವಾಗಿ ಹತ್ತೂವರೆ ಗಂಟೆ. ಒಂದೇ ಒಂದು ನಿಮಿಷ ಲೇಟು. ಪೂರಾ ಮ್ಯಾರಥಾನ್ ಇನ್ನೂ ಶುರುವೇ ಆಗಿಲ್ಲ. ಮಧ್ಯೆ ಮೂತ್ರಕ್ಕೆ ನಿಂತದ್ದನ್ನು ನಾನು ಹಿಡಿದೇ ಇಲ್ಲ.

ನೀವು ಇದಕ್ಕಿಂತ ಜೋರಾಗಬಹುದು. ಆಗಲೂಬೇಕು. ಆದರೆ ಜೋರಾಗುವುದಕ್ಕೆ ಬೇಕಾದದ್ದೂ ಅದೇ ಭಾನುವಾರಗಳೇ.

ಇದನ್ನೆಲ್ಲ ಕೂತಲ್ಲಿಂದ ಹೇಳುತ್ತಿಲ್ಲ. 2017ರಲ್ಲಿ ನನ್ನನ್ನು ನಮ್ಮ ಶಾಲೆಯ ಪ್ರಭಾರ ಮುಖ್ಯ ಶಿಕ್ಷಕ ಮಾಡಿದರು. ಪಿ.ಟಿ. ಮೇಷ್ಟ್ರಾಗಿ ಸೀಟಿ ಊದಿಕೊಂಡಿದ್ದವನಿಗೆ ಬಿಸಿಯೂಟದ ಲೆಕ್ಕ, ಎಸ್ಸೆಸ್ಸೆಲ್ಸಿ ರಿಸಲ್ಟು, ಸೋರುವ ಕೊಠಡಿ, ಎಲ್ಲ ಒಟ್ಟಿಗೆ ಬಂತು. ಅದೇ ತಿಂಗಳು ನಾನು ಹೊರರಾಜ್ಯದ ಒಂದು ಫುಲ್ ದೂರದ ಸ್ಪರ್ಧೆಗೆ ದುಡ್ಡು ಕಟ್ಟಿದ್ದೆ. ಬಿಡುವುದಕ್ಕೆ ಮನಸ್ಸಾಗಲಿಲ್ಲ. ಬೆಳಿಗ್ಗೆ ಮೂರೂವರೆಗೆ ಏಳುವುದು, ರಾತ್ರಿ ಹನ್ನೊಂದಕ್ಕೆ ಲೆಕ್ಕದ ಪುಸ್ತಕ ಮುಚ್ಚುವುದು. ಒಂದು ದಿನ ಮುಳಬಾಗಿಲು ರಸ್ತೆಯಲ್ಲಿ ಸೈಕಲ್ ಮೇಲೆಯೇ ತೂಕಡಿಸಿದೆ. ಕಣ್ಣು ಬಿಟ್ಟಾಗ ಮುಂದಿನ ಚಕ್ರ ಟಾರ್ ಬಿಟ್ಟು ಮಣ್ಣಿನಲ್ಲಿತ್ತು. ಎರಡು ಮಾರು ಆಚೆ ಕಲ್ಲುಕಂಬದ ಬೇಲಿ. ಅವತ್ತೇ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಸ್ಪರ್ಧೆಯ ದಿನ 150 ಕಿ.ಮೀ. ಹತ್ತಿರ ಒಂದು ಶಾಮಿಯಾನದ ಮುಂದೆ ಹುಡುಗನೊಬ್ಬ ಕೈ ಅಡ್ಡ ಹಿಡಿದ. ‘ಅಂಕಲ್, ಟೈಮ್ ಆಯ್ತು.’ ಕಾಲೇಜು ಹುಡುಗ, ನನ್ನ ಸ್ಟೂಡೆಂಟ್ ವಯಸ್ಸು. ಅವನೇ ಬಗ್ಗಿ ನನ್ನ ಕಾಲಿಗೆ ಕಟ್ಟಿದ್ದ ಟೈಮಿಂಗ್ ಚಿಪ್ಪಿನ ಪಟ್ಟಿ ಎಳೆದ. ಚರ್ ಅಂತ ಸದ್ದಾಯಿತು. ಆ ಚಿಪ್ಪನ್ನು ಪ್ಲಾಸ್ಟಿಕ್ ಬುಟ್ಟಿಗೆ ಹಾಕಿದ. ಅದರಲ್ಲಿ ಆಗಲೇ ಆರೇಳು ಇದ್ದವು. ಆಮೇಲೆ ಒಂದು ಕಲ್ಲಂಗಡಿ ಚೂರು ಕೊಟ್ಟ. ತಿಂದೆ. ಒಳ್ಳೆ ಸಿಹಿಯಾಗಿತ್ತು, ಅದಕ್ಕೇ ಇನ್ನೂ ಬೇಜಾರಾಯಿತು. ತಪ್ಪು ಪೂರಾ ನನ್ನದೇ. ಬಿಸಿಯೂಟದ ಲೆಕ್ಕವನ್ನೂ ಆ ವರ್ಷ ಎರಡು ಸಲ ತಿದ್ದಿ ಬರೆಯಬೇಕಾಯಿತು.

2019ರಲ್ಲಿ ಗೋವಾದಲ್ಲಿ ಮೊದಲ ಸಲ ಹಾಫ್ ನಡೆದಾಗ ಹೋದೆ. ಪ್ರಭಾರ ಬಿಟ್ಟಿದ್ದೆ, ರಾತ್ರಿ ನಿದ್ದೆ ಬರುತ್ತಿತ್ತು. 7 ಗಂಟೆ 52. ಫುಲ್ ನನ್ನದು ಇನ್ನೂ ಬಾಕಿ ಇದೆ.

‘ಹಾಫ್ ಎಲ್ಲಾ ಯಾರ್ ಕೇಳ್ತಾರೆ’ ಅನ್ನುವವರಿಗೆ ಒಂದು ಕಥೆ ಹೇಳಿ. 1978ರ ಫೆಬ್ರವರಿಯಲ್ಲಿ ಹವಾಯಿಯ ಓವಾಹು ದ್ವೀಪದಲ್ಲಿ ಮೊದಲ ಐರನ್‌ಮ್ಯಾನ್ ನಡೆಯಿತು. ಈಜುವವನು ಗಟ್ಟಿಯೋ, ಸೈಕಲಿನವನೋ, ಓಡುವವನೋ ಅಂತ ಹುಟ್ಟಿದ ವಾದ ಅದು. ನೌಕಾಪಡೆಯ ಜಾನ್ ಕಾಲಿನ್ಸ್ ಎನ್ನುವವರು, ಅದೇ ದ್ವೀಪದಲ್ಲಿ ಮೊದಲೇ ಬೇರೆ ಬೇರೆಯಾಗಿ ನಡೆಯುತ್ತಿದ್ದ ಒಂದು ಈಜು, ಒಂದು ಸೈಕಲ್ ಸುತ್ತು, ಒಂದು ಮ್ಯಾರಥಾನ್, ಮೂರನ್ನೂ ಸೇರಿಸಿ ಒಂದು ಮಾಡಿದರು. 15 ಜನ ಹೊರಟರು, 12 ಜನ ಮುಗಿಸಿದರು. ಗೆದ್ದ ಗಾರ್ಡನ್ ಹಾಲರ್‌ಗೆ ಹನ್ನೊಂದು ಮುಕ್ಕಾಲು ಗಂಟೆ ಹಿಡಿಯಿತು. ಎರಡನೆಯವನ ಜೊತೆಗಾರರ ಹತ್ತಿರ ನೀರು ಖಾಲಿಯಾಗಿ ಬಿಯರ್ ಕೊಟ್ಟರು. ಅಂದರೆ 180 ಕಿ.ಮೀ. ಅನ್ನುವುದು ಶಾಸ್ತ್ರದಲ್ಲಿ ಬರೆದದ್ದೇನಲ್ಲ, ಆ ದ್ವೀಪದ ಸುತ್ತಳತೆಗೆ ಹೊಂದಿಕೊಂಡು ಬಂದದ್ದು. ಅವರ ದ್ವೀಪ ಅವರಿಗೆ. ನಿಮ್ಮದು ಕೋಲಾರ, ನರಸಾಪುರ, ನಾಲ್ಕು ಗಂಟೆಯ ಪೂಲು.

ಈಗ ವಾರ ಹೇಗೆ ಮಾಡಿಕೊಳ್ಳಬೇಕು ಅಂತ. ಎ ಶಿಫ್ಟಿನ ವಾರ ನಿಮಗೆ ಬಂಗಾರ. ಮೂರು ಗಂಟೆಗೆ ಕ್ಲಾಕ್ ಟವರ್ ಹತ್ತಿರ ಕಂಪನಿ ಬಸ್ ಇಳಿದರೆ ನಾಲ್ಕಕ್ಕೆ ಪೂಲಿನಲ್ಲಿರಬಹುದು. ಆ ವಾರ ಮೂರು ದಿನ ಈಜಿ, ಎರಡು ಸಂಜೆ ಓಡಿ. ಬಿ ಶಿಫ್ಟಿನ ವಾರ ಪೂಲ್ ಸಿಗುವುದಿಲ್ಲ, ಅದಕ್ಕೆ ಕೊರಗಬೇಡಿ. ಬೆಳಿಗ್ಗೆ ಪೂರಾ ನಿಮ್ಮದು. ಏಳಕ್ಕೆ ಎದ್ದು ಸೈಕಲ್, ಓಟ, ಬೇಕಾದರೆ ಒಂದು ದಿನ ಅಂತರಗಂಗೆ ಮೆಟ್ಟಿಲು. ಐದಕ್ಕೇ ಏಳುವ ಹುಚ್ಚು ಮಾತ್ರ ಬೇಡ. ರಾತ್ರಿ ಹನ್ನೊಂದೂವರೆಗೆ ಮಲಗಿದವರು ಐದಕ್ಕೆ ಎದ್ದರೆ ಅದು ಅಭ್ಯಾಸ ಅಲ್ಲ, ಸಾಲ.

ಸಿ ಶಿಫ್ಟಿನ ವಾರ ಬರೀ ಬದುಕಿ. ಬೆಳಿಗ್ಗೆ ಬಂದು, ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ, ಎರಡು ಗಂಟೆಯವರೆಗೆ ಮಲಗಿ. ನಾಲ್ಕಕ್ಕೆ ಪೂಲಿಗೆ ಹೋಗಿ, ಎರಡು ದಿನ, ಮೆಲ್ಲಗೆ. ಅಷ್ಟೇ ಸಾಕು. ಆ ವಾರ ರಸ್ತೆಗೆ ಸೈಕಲ್ ಇಳಿಸಲೇಬೇಡಿ. ನಾನು ಮಣ್ಣಿಗೆ ಇಳಿದ ಕಥೆ ಮೇಲೆ ಹೇಳಿದ್ದೇನೆ. ನಿಮಗೆ ಇರುವುದು ಚೆನ್ನೈ ಹೆದ್ದಾರಿ, ಲಾರಿಯವನೂ ರಾತ್ರಿಯೆಲ್ಲ ಎದ್ದೇ ಬಂದಿರುತ್ತಾನೆ.

ಆ 11 ಭಾನುವಾರಗಳಲ್ಲಿ ಕುರುಡುಮಲೆಗೆ ಹೋಗಿ. ಕೋಲಾರದಿಂದ ಮುಳಬಾಗಿಲು, ಅಲ್ಲಿಂದ ಕುರುಡುಮಲೆ, ಹೋಗಿ ಬಂದರೆ ಸುಮಾರು 80 ಕಿ.ಮೀ. ಗಣಪತಿಗೆ ಕೈ ಮುಗಿದು ಬಾಟಲಿಗೆ ನೀರು ತುಂಬಿಸಿಕೊಂಡು ಬರಬಹುದು. ಆಷಾಢದಲ್ಲಿ ಈ ರಸ್ತೆ ನಿಮಗೆ ಗುರು. ಗಾಳಿ ಪಶ್ಚಿಮದಿಂದ ಬೀಸುತ್ತದೆ. ಹೋಗುವಾಗ ಬೆನ್ನಿಗೆ ಗಾಳಿ, 30 ಬರುತ್ತದೆ, ನಾನೇ ಚಾಂಪಿಯನ್ ಅನಿಸುತ್ತದೆ. ತಿರುಗಿದ ಮೇಲೆ ಎದೆಗೆ ಗಾಳಿ, ತುಳಿದು ತುಳಿದು 17. ಆ 17ರಲ್ಲಿ ತಲೆ ಕೆಡಿಸಿಕೊಳ್ಳದೆ ಕೂರುವುದನ್ನು ಕಲಿತರೆ ಗೋವಾದ 90 ಕಿ.ಮೀ. ಹೇಗೋ ಆಗುತ್ತದೆ. ಇನ್ನೊಂದು ಎಚ್ಚರ. ಜೂನ್, ಜುಲೈನಲ್ಲಿ ನಮ್ಮ ಎಪಿಎಂಸಿಗೆ ಟೊಮ್ಯಾಟೊ ಗಾಡಿಗಳು ಸಾಲಾಗಿ ಬರುತ್ತವೆ. ತಿರುವಿನಲ್ಲಿ ಕ್ರೇಟಿನಿಂದ ಬಿದ್ದ ಹಣ್ಣು ಅಪ್ಪಚ್ಚಿಯಾಗಿ ಎಣ್ಣೆ ಸುರಿದ ಹಾಗೆ ಆಗಿರುತ್ತದೆ. ಕೆಂಪು ಕಂಡರೆ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ನೆಟ್ಟಗೆ ಇಟ್ಟು ದಾಟಿ. ತಮ್ಮನಿಗೆ ಪ್ರತಿ ಸಲ ಮುಳಬಾಗಿಲಿನಲ್ಲಿ ದೋಸೆ ಕೊಡಿಸಿ. ನೀವು ತಿನ್ನಬೇಡಿ. ಆ ತುಪ್ಪ ಹೊಟ್ಟೆಯಲ್ಲಿಟ್ಟುಕೊಂಡು ಎದುರುಗಾಳಿಗೆ ಬರುವುದು ನರಕ, ಮಾಡಿ ನೋಡಿದ್ದೇನೆ. ನಿಮಗೆ ಬಾಳೆಹಣ್ಣು, ಕಡ್ಲೆ ಮಿಠಾಯಿ, ಒಂದು ಬಾಟಲಿ ಓಆರ್‌ಎಸ್. ಮುಕ್ಕಾಲು ಗಂಟೆಗೊಮ್ಮೆ ಏನಾದರೂ ಬಾಯಿಗೆ ಹೋಗಲಿ, ಹಸಿವಾಗುವವರೆಗೆ ಕಾಯಬೇಡಿ.

ಮನೆಗೆ ಬಂದು ಸೈಕಲ್ ಗೋಡೆಗೆ ಒರಗಿಸಿದ ತಕ್ಷಣ ಬೂಟು ಬದಲಿಸಿ ಇಪ್ಪತ್ತು ನಿಮಿಷ ಓಡಿ. ಮೊದಲ ದಿನ ಕಾಲು ಯಾರದೋ ಅನಿಸುತ್ತದೆ. ನಾಲ್ಕನೇ ಭಾನುವಾರಕ್ಕೆ ನಿಮ್ಮದಾಗುತ್ತದೆ.

ಆಫೀಸಿನ ವಿಷಯ. ಪ್ರೊಬೇಷನ್ ಮುಗಿಯುವುದು ಜೂನ್‌ಗೆ ತಾನೇ? ಅಲ್ಲಿಯವರೆಗೆ ಯಾರಿಗೂ ಭಾಷಣ ಬೇಡ. ಕನ್ಫರ್ಮೇಶನ್ ಲೆಟರ್ ಕೈಗೆ ಬಂದ ವಾರ ನಿಮ್ಮ ಮೇಲಿನವರ ಹತ್ತಿರ ಹೋಗಿ ತಾರೀಖು ಸಮೇತ ಹೇಳಿ: ಶುಕ್ರವಾರದಿಂದ ಸೋಮವಾರದವರೆಗೆ ರಜೆ ಬೇಕು. ರೇಸು ಭಾನುವಾರ, ಆದರೆ ಸೈಕಲ್ಲನ್ನು ಹಿಂದಿನ ದಿನವೇ ಒಪ್ಪಿಸಬೇಕು. ಹಿಂದಿನ ವಾರ ಸಿ ಶಿಫ್ಟ್ ಬಿದ್ದರೆ ಯಾರ ಜೊತೆ ಬದಲಾಯಿಸಿಕೊಳ್ಳುತ್ತೀರಿ ಅನ್ನುವುದನ್ನೂ ಮೊದಲೇ ಮಾತಾಡಿಕೊಂಡು ಹೋಗಿ. ಮ್ಯಾನೇಜರ್‌ಗೆ ಬೇಕಾಗಿರುವುದು ನಿಮ್ಮ ಈಜಿನ ಟೈಮಿಂಗ್ ಅಲ್ಲ, ಆ ನಾಲ್ಕು ದಿನ ಲೈನಿನಲ್ಲಿ ಯಾರು ನಿಲ್ಲುತ್ತಾರೆ ಅನ್ನುವುದು. ದುಡ್ಡು ಕಟ್ಟುವ ಮುಂಚೆ, ಬರಲಾಗದಿದ್ದರೆ ವಾಪಸ್ ಎಷ್ಟು, ಯಾವ ತಾರೀಖಿನವರೆಗೆ ಅಂತ ಓದಿಕೊಳ್ಳಿ. ನಾನು ಓದಿರಲಿಲ್ಲ.

ಜೂನ್‌ನಲ್ಲಿ ಕೆಲಸದ ಒತ್ತಡ ಇನ್ನೂ ಏರಿತು ಅಂದುಕೊಳ್ಳಿ. ಆಗಲೂ ಒಂದು ದಾರಿ ಇದೆ. ಗೋವಾದಲ್ಲಿ ರಿಲೇ ಇರುತ್ತದೆ, ಒಬ್ಬರು ಈಜಿ, ಒಬ್ಬರು ಸೈಕಲ್ ಹೊಡೆದು, ಒಬ್ಬರು ಓಡುವುದು. ನೀವು ಓಟ ತಗೊಳ್ಳಿ. ನಿಮ್ಮ ಆ ಮೂವರಲ್ಲಿ ಇಬ್ಬರಾದರೂ ಅಷ್ಟು ಹೊತ್ತಿಗೆ ಲಂಕಾವಿಯಿಂದ ಹಿಂದೆ ಸರಿದಿರುತ್ತಾರೆ ಅಂತ ನನ್ನ ಊಹೆ. ಅವರು ಈ ಪತ್ರಿಕೆ ಓದಿದರೆ ಬೇಜಾರು ಮಾಡಿಕೊಳ್ಳದಿರಲಿ. ಅವರೂ ಕ್ಯಾಲೆಂಡರ್ ಇಳಿಸಿಕೊಂಡು ಕೂರಲಿ.

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಅವರು ಅರ್ಧ ಸರಿ.

ಪ್ರಶ್ನೆ: ಸಾರ್, ನಾನೂ ಟ್ರಯಾಥ್ಲಾನ್ ಅಭ್ಯಾಸ ಮಾಡುತ್ತಿದ್ದೇನೆ. ಬ್ಯಾಂಕ್ ಕೆಲಸ, ಪೂಲಿಗೆ ಹೋಗಲು ಟೈಮ್ ಹೊಂದುವುದಿಲ್ಲ. ಈಗ ಕಂದವಾರ ಕೆರೆಯಲ್ಲಿ ನೀರಿದೆ. ಬೆಳಿಗ್ಗೆ ಅಲ್ಲೇ ಈಜಬಹುದಾ? ಸಮುದ್ರಕ್ಕೂ ಅಭ್ಯಾಸ ಆಗುತ್ತದಲ್ಲ?

ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಬೇಡ. ಆ ನೀರು ಎಲ್ಲಿಂದ ಬಂತು ಅನ್ನುವುದು ನಿಮಗೂ ಗೊತ್ತು. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಿ ಮಾಡಿ ನಿಮ್ಮ ಕಡೆಯ ಕೆರೆಗಳಿಗೆ ಹರಿಸುತ್ತಾರೆ. ನಮ್ಮ ಕಡೆ ಕೆ.ಸಿ. ವ್ಯಾಲಿ ಇದ್ದ ಹಾಗೆ. ಅಂತರ್ಜಲ ಏರಲಿ ಅಂತ ಮಾಡಿದ್ದು. ಬತ್ತಿದ ಬೋರ್‌ವೆಲ್ ಕಂಡವರಿಗೆ ಅದರ ಬೆಲೆ ಗೊತ್ತು, ನಾನು ಯೋಜನೆಯನ್ನು ಬೈಯುತ್ತಿಲ್ಲ. ಆದರೆ ಮೂಗು, ಬಾಯಿ, ಕಿವಿಗೆ ನೀರು ಹೋಗುವ ಹಾಗೆ ಮುಖ ಮುಳುಗಿಸಿ ಗಂಟೆಗಟ್ಟಲೆ ಈಜುವುದಕ್ಕೆ ಅಲ್ಲ ಅದು. 2018ರಲ್ಲಿ ನಮ್ಮ ಲಕ್ಷ್ಮೀಸಾಗರ ಕೆರೆಯಲ್ಲಿ ಎದ್ದ ನೊರೆ ನಾನು ಕಣ್ಣಾರೆ ನೋಡಿದ್ದೇನೆ. ಜಕ್ಕಲಮಡಗು ಜಲಾಶಯದ ಕಡೆಗೂ ಕಣ್ಣು ಹಾಕಬೇಡಿ, ಅದು ಊರವರು ಕುಡಿಯುವ ನೀರು. ಕೆರೆ ಅಂದರೆ ಹೂಳು, ಜೊಂಡು, ಕಾಣದ ಗುಂಡಿ. ದಡದಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ. ಪ್ರತಿ ವರ್ಷ ಮಕ್ಕಳನ್ನು ಕಳೆದುಕೊಳ್ಳುವ ಮನೆಗಳಿವೆ.

ವಾರಕ್ಕೆ ಎರಡೇ ದಿನವಾದರೂ ಪೂಲಿಗೇ ಹೋಗಿ. ಸಮುದ್ರದ ಅಭ್ಯಾಸವನ್ನು ಅಲ್ಲೇ ಮಾಡಬಹುದು. ಗೋಡೆ ಮುಟ್ಟುವ ಮೊದಲೇ ನಡುನೀರಿನಲ್ಲಿ ತಿರುಗಿ, ಗೋಡೆಗೆ ಕಾಲು ಕೊಟ್ಟು ಚಿಮ್ಮಬೇಡಿ. ಎಂಟು ಕೈಗೊಮ್ಮೆ ತಲೆ ಎತ್ತಿ ದೂರದ ಒಂದು ಗುರುತು ನೋಡಿ. ಇಬ್ಬರು ಸ್ನೇಹಿತರನ್ನು ಕರೆದು ಒಂದೇ ಲೇನಿನಲ್ಲಿ ಮೂವರೂ ಒಟ್ಟಿಗೆ ಈಜಿ. ಒಬ್ಬರ ಕಾಲು ಇನ್ನೊಬ್ಬರ ಮುಖಕ್ಕೆ ಬಡಿಯಲಿ. ರೇಸಿನಲ್ಲಿ ಜನ ಹೆದರುವುದು ಅಲೆಗಲ್ಲ, ಆ ಒದೆಗೆ. ಸುಸ್ತಾದರೆ ದೋಣಿಯನ್ನೋ ತೇಲುಗುರುತನ್ನೋ ಹಿಡಿದು ನಿಂತು ಉಸಿರು ತೆಗೆದುಕೊಳ್ಳಬಹುದು, ನಿಯಮದಲ್ಲಿ ತಪ್ಪಿಲ್ಲ. ಹಿಡಿದುಕೊಂಡು ಮುಂದೆ ಮಾತ್ರ ಹೋಗಬಾರದು.

ಪ್ರಶ್ನೆ: ನನ್ನ ಹತ್ತಿರ ಇರುವುದು ಮಗನ ಹಳೇ ಗೇರ್ ಸೈಕಲ್, ದಪ್ಪ ಟೈರಿನದು. ವಯಸ್ಸು 46. ಇದರಲ್ಲೇ ಸಣ್ಣ ಟ್ರಯಾಥ್ಲಾನ್ ಮಾಡಬಹುದಾ, ಹೊಸದು ತಗೋಬೇಕಾ?

ಓದುಗರು, ತುಮಕೂರು

ಉತ್ತರ: ಅದರಲ್ಲೇ ಮಾಡಿ. ಸ್ಪ್ರಿಂಟ್ ಅಂತ ಇರುತ್ತದೆ, 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ದಪ್ಪ ಟೈರಿನ ಬದಲು ಅದೇ ರಿಮ್ಮಿಗೆ ಹೊಂದುವ ನುಣುಪು ಟೈರ್ ಹಾಕಿಸಿ, ಸೀಟು ಎತ್ತರ ಮಾಡಿ, ಬ್ರೇಕ್ ಕೇಬಲ್ ಹೊಸದು ಹಾಕಿಸಿ. ದುಡ್ಡು ಖರ್ಚು ಮಾಡಲೇಬೇಕು ಅನಿಸಿದರೆ ಹೆಲ್ಮೆಟ್ಟಿಗೆ ಮಾಡಿ. ದೇವರಾಯನದುರ್ಗ ಹತ್ತಿ ಇಳಿದು ಬನ್ನಿ. ಹತ್ತುವಾಗ ಆ ಸೈಕಲ್ಲನ್ನು ಬೈಯುತ್ತೀರಿ, ಇಳಿಯುವಾಗ ದಪ್ಪ ಟೈರೇ ಒಳ್ಳೆಯದಿತ್ತೇನೋ ಅನಿಸುತ್ತದೆ.

ಒಂದು ಮಾತು. ಈಜಿ ಬಂದ ಗಡಿಬಿಡಿಯಲ್ಲಿ ಮೊದಲು ಸೈಕಲ್ ಎತ್ತಿಕೊಳ್ಳುತ್ತೀರಿ. ತಪ್ಪು. ಮೊದಲು ಹೆಲ್ಮೆಟ್ ಹಾಕಿ ಪಟ್ಟಿ ಕ್ಲಿಪ್ ಮಾಡಬೇಕು, ಆಮೇಲೆ ಸೈಕಲ್ ಮುಟ್ಟಬೇಕು. ಮನೆಯ ಅಂಗಳದಲ್ಲಿ ಒದ್ದೆ ಕೈಯಲ್ಲಿ ಹತ್ತು ಸಲ ಮಾಡಿ ನೋಡಿ. ಮಗ ನಗುತ್ತಾನೆ, ನಗಲಿ.